ಮೆಟ್ಟಿಲು ಎಷ್ಟುಂಟು

ಕ್ಯಾಲೆಂಡರಿನ ಹರಿದ ಹಾಳೆಯ ಬೆನ್ನಿಗೆ
ಮಗಳು ಗೆರೆ ಎಳೆದು ಬರೆದಿದ್ದಾಳೆ:
ಬೆಳಿಗ್ಗೆ ಕದ್ರಿ ಪಾರ್ಕು, ಆಮೇಲೆ ಲೈಟ್‌ಹೌಸ್ ಗುಡ್ಡೆ,
ಚಾಪೆಲ್ಲಿನ ಗೋಡೆಚಿತ್ರ, ಮಧ್ಯಾಹ್ನ ಮೀನೂಟ,
ಸುಲ್ತಾನ್ ಬತ್ತೇರಿ, ದೋಣಿಯಲ್ಲಿ ದಾಟಿ ತಣ್ಣೀರುಬಾವಿ,
ಸಂಜೆ ಗಡ್‌ಬಡ್.
ಗಡ್‌ಬಡ್ಡಿಗೆ ಮಾತ್ರ ಕೆಂಪು ಪೆನ್ನು.

ಗುಲಾಬಿ ದೊಡ್ಡಮ್ಮ ಹಾಳೆಯನ್ನು ಮೊಳ ದೂರ ಹಿಡಿದು
ಓದಿದ ಹಾಗೆ ಮಾಡಿ
ಕೇಳಿದ್ದು ಒಂದೇ:
"ಮೆಟ್ಟಿಲು ಎಷ್ಟುಂಟು?"

ನನಗೆ ಗೊತ್ತಿರಲಿಲ್ಲ.
ಹನ್ನೊಂದು ವರ್ಷ ಈ ಪೇಟೆಗೆ ಬಾಡಿಗೆ ಕಟ್ಟಿದ್ದೇನೆ,
ಒಂದು ಮೆಟ್ಟಿಲೂ ಎಣಿಸಿದವಳಲ್ಲ.

ಹಾಗಾಗಿ ಹೋದ ಭಾನುವಾರ ಒಂದು ರಿಹರ್ಸಲ್.
ಮಗಳಿಗೆ ದೊಡ್ಡಮ್ಮನ ಪಾರ್ಟು:
ಕೊಡೆ ಊರಿ, ಸೊಂಟಕ್ಕೆ ಕೈ ಕೊಟ್ಟು,
ಹತ್ತು ಹೆಜ್ಜೆಗೊಮ್ಮೆ "ಅಯ್ಯೋ ದೇವರೇ".
ಜನ ನೋಡಿದರು. ನೋಡಲಿ.
ನಾನು ಗುಮಾಸ್ತೆ, ಚೀಟಿ ಹಿಡಿದು ಹಿಂದೆ ಹಿಂದೆ:
ಈ ಬದಿ ಕಲ್ಲುಬೆಂಚು ನಾಲ್ಕು, ನೆರಳಿರುವುದು ಒಂದಕ್ಕೆ.
ಕಕ್ಕಸು ಉಂಟು, ಚಿಲಕ ಇಲ್ಲ.
ಗುಡ್ಡೆ ಹತ್ತಲು ರಿಕ್ಷಾ ಬೇಕು,
ಇಳಿಯಲು ಇನ್ನೂ ಬೇಕು.
ದೋಣಿ: ಹತ್ತಿಸಬಹುದು, ಇಳಿಸಲಿಕ್ಕೆ ಇಬ್ಬರು ಗಂಡಸರು.
ಬತ್ತೇರಿಯಲ್ಲಿ ಲೆಕ್ಕ ತಪ್ಪಿತು,
ಮಗಳು ಪಾರ್ಟು ಮರೆತು ಮೇಲಕ್ಕೆ ಓಡಿದ್ದಳು.

ಮೊಣಕಾಲಿನಿಂದ ನೋಡಿದರೆ ಊರೇ ಬೇರೆ.
ಚಪ್ಪಟೆ ಎಂದುಕೊಂಡ ರಸ್ತೆಯೆಲ್ಲ ಏರು.
ಫುಟ್‌ಪಾತು ಎಲ್ಲಿ ಮುಗಿದು
ಚರಂಡಿ ಎಲ್ಲಿ ಬಾಯಿ ತೆರೆಯುತ್ತದೆ,
ಯಾವ ಅಂಗಡಿಯವನದು
ಕೇಳದೆ ಸ್ಟೂಲು ಕೊಡುವ ಮುಖ,
ಎಲ್ಲ ಬರೆದುಕೊಂಡೆ.

ತುಂಬೆಗೆ ಹೋಗಿ ವರದಿ ಒಪ್ಪಿಸಿದೆ.
ದೊಡ್ಡಮ್ಮ ಮಡಿಲ ಮೊರದಿಂದ ಕಣ್ಣೆತ್ತಲಿಲ್ಲ.
ಎಲೆ, ಸೊಪ್ಪು, ಒಂದು ಸುರುಟು, ನೂಲು.
ಇಪ್ಪತ್ತೈದು ಬೀಡಿಗೆ ಒಂದು ಕಟ್ಟು,
ಕಟ್ಟು ಮುಗಿಯುವಷ್ಟು ಹೊತ್ತು ಮಾತಿಲ್ಲ. ಆಮೇಲೆ:
"ನಾನು ಮಂಗಳೂರು ನೋಡದವಳೆಂದು ಯಾರು ಹೇಳಿದ್ದು?"

ನೋಡಿದ್ದಾಳೆ.
ಗಂಡನ ಕೆಮ್ಮಿಗೆ ವೆನ್ಲಾಕಿನಲ್ಲಿ ಹದಿನೇಳು ದಿನ,
ಹಿಂದೆ ಬರುವಾಗ ಅವರು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆಯಲ್ಲಿ.
ಅತ್ತೆಯ ಕಣ್ಣಿಗೆ ಎರಡು ಸಲ.
ನನ್ನಮ್ಮನ ಹೆರಿಗೆಗೆ ಲೇಡಿಗೋಷನ್ನಿನಲ್ಲಿ ಒಂದು ರಾತ್ರಿ,
ಜಗಲಿಯಲ್ಲಿ ಸೀರೆ ಸೆರಗು ಹಾಸಿ.
ಎಲ್ಲ ಸಲವೂ ಕೈಯಲ್ಲಿ ಫ್ಲಾಸ್ಕು, ಮದ್ದಿನ ಚೀಟಿ, ಬಟ್ಟೆಯ ಗಂಟು,
ಎಲ್ಲ ಸಲವೂ ಕೊನೇ ಬಸ್ಸಿನ ಗಡಿಬಿಡಿ.
ಸಮುದ್ರ ಯಾವ ದಿಕ್ಕಿಗೆ ಎಂದು
ವಾಸನೆಯಿಂದ ಗೊತ್ತಂತೆ. ಹೋಗಿಲ್ಲ.

"ಆ ಆಸ್ಪತ್ರೆ ಎದುರು ಒಂದು ಚಾದ ಅಂಗಡಿ.
ನೀನು ಹುಟ್ಟಿದ ಬೆಳಿಗ್ಗೆ ಚಾ ತರಲು ಹೋದೆ.
ಕೂತು ಕುಡಿಯಿರಿ ಅಕ್ಕಾ, ರಾತ್ರಿಯಿಡೀ ನಿಂತಿದ್ದೀರಿ ಎಂದ,
ಬೆಂಚು ಒರೆಸಿಯೂ ಕೊಟ್ಟ.
ಪುರುಸೊತ್ತಿಲ್ಲ ಎಂದು
ಫ್ಲಾಸ್ಕಿಗೆ ಹೊಯ್ಯಿಸಿಕೊಂಡು ಬಂದೆ.
ಆ ಬೆಂಚಿನಲ್ಲಿ ಒಮ್ಮೆ ಕೂರಬೇಕು ಮಾರಾಯ್ತಿ."

"ಅಂಗಡಿ ಈಗ ಇರಲಿಕ್ಕಿಲ್ಲ ದೊಡ್ಡಮ್ಮ.
ಮೂವತ್ತಾರು ವರ್ಷ ಆಯಿತು."

"ಇಲ್ಲದಿದ್ದರೆ ನಿಲ್ಲುತ್ತೇನೆ.
ಅಲ್ಲಿ ಮೆಟ್ಟಿಲಂತೂ ಇರಲಿಲ್ಲ."

ಮಗಳು ಹಾಳೆ ಬಿಡಿಸಿದಳು.
ಬತ್ತೇರಿ ಹೋಯಿತು. ದೋಣಿ ಉಳಿಯಿತು,
ಇಬ್ಬರು ಗಂಡಸರನ್ನು ಅಲ್ಲಿಯೇ ಹುಡುಕುವುದೆಂದು.
ಗಡ್‌ಬಡ್ಡಿನ ತಲೆಯ ಮೇಲಿನ ಸಪೂರ ಜಾಗದಲ್ಲಿ
ನಾಲಿಗೆ ಕಚ್ಚಿಕೊಂಡು ಬರೆದಳು:
ಆಸ್ಪತ್ರೆ ಎದುರು. ಯಾರಿಗೂ ಎಂತ ಆಗಲಿಲ್ಲ.
ಬಣ್ಣ ಕೆಂಪು.

ಬಸ್ಸು ಏಳೂವರೆಗೆ, ಮುಂದಿನ ಸೀಟು, ಕಿಟಕಿ ಬದಿ.
ನಾವು ಗೇಟು ದಾಟುವಾಗ
ಒಳಗಿನಿಂದ ಸ್ವರ:
"ಆ ದಿನ ಫ್ಲಾಸ್ಕು ತರಲಾ ಮಗಾ?"

ಬೇಡ ಎಂದೆ, ಸ್ವಲ್ಪ ಜೋರಾಗಿಯೇ.
ತರುತ್ತಾಳೆ. ಗೊತ್ತು.